ಪ್ರತ್ಯಯವೂ ಪ್ರತಿಧ್ವನಿಯೂ

ಜೀವನ ಇಚ್ಛೆಯಿಂದಲೂ ಅನುಕೂಲವಾದ ಗಾಳಿಯಿಂದಲೂ ನಾಭಿಮೂಲದಲ್ಲಿ ಕಹಳೆಯ ರೀತಿಯಿಂದ ಶಬ್ದದ್ರವ್ಯವು ಉದಿಸುವುದೆಂದೂ, ಅದರ ಬಣ್ಣ ಬಿಳುಪೆಂದೂ ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ನಿರೂಪಿಸಿದ್ದಾನೆ. ಬಾಯಿಂದ ಹೊರಟ ಆ ದ್ರವ್ಯವು ಗೋಡೆ, ಮಾಡು, ನೆಲಗಳನ್ನು ತಾಗಿ ಕಿವಿಯನ್ನು ಸೇರುವಷ್ಟರಲ್ಲಿ ಏನಾಗುವುದೆಂಬುದು ಅವನ ಪ್ರಶ್ನೆಯಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಸಭಾಭವನಗಳಲ್ಲಿ ಕನ್ನಡವನ್ನು ಕೇಳುವ ನಮ್ಮದು.

1895ರಲ್ಲಿ, ಆಡಿದ ಮಾತು ಐದೂವರೆ ಸೆಕೆಂಡು ಅನುರಣಿಸುತ್ತಿದ್ದ ಹಾರ್ವರ್ಡಿನ ಉಪನ್ಯಾಸಮಂದಿರವೊಂದನ್ನು ಸರಿಪಡಿಸಲು ನಿಯುಕ್ತನಾದ ವ್ಯಾಲೇಸ್ ಸೇಬಿನನು, ಆಸನಗಳ ಮೆತ್ತೆಗಳನ್ನು ತಂದು ಹರಡಿ ಅಳೆದಳೆದು, ಅನುರಣನದ ಅವಧಿಯು ಮಂದಿರದ ಗಾತ್ರದೊಡನೆ ಹೆಚ್ಚುವುದೆಂದೂ ಸದ್ದನ್ನು ಹೀರುವ ವಸ್ತುಗಳಿಂದ ತಗ್ಗುವುದೆಂದೂ ಸಿದ್ಧಪಡಿಸಿದನು. ಮಾತಿಗಾದರೆ ಒಂದು ಸೆಕೆಂಡಿನ ಆಸುಪಾಸು ಹಿತ.

ಸದ್ದಿನ ಈ ಶಾಸ್ತ್ರಕ್ಕೆ ಐರಿಷ್ ಭಾಷೆಯಲ್ಲಿ ‘ಫುಅಮೀಖ್ತ್’ ಎಂದು ಹೆಸರು. ಸದ್ದು ಎಂಬರ್ಥದ ‘ಫುಅಮ್’ಗೆ ಭಾವವಾಚಕ ಪ್ರತ್ಯಯ ಸೇರಿ ಆದ ಸ್ತ್ರೀಲಿಂಗಪದವಿದು, ಮುಂದೆ ‘ಅನ್’ ಎಂಬ ನಿರ್ದೇಶಕ ಬಂದೊಡನೆ ಆದಿಯ ಫಕಾರವು ಮೌನವಾಗಿ ‘ಅನ್ ಉಅಮೀಖ್ತ್’ ಎಂದಾಗುವುದು, ಷಷ್ಠಿಯಲ್ಲಿ ಮರಳಿ ಬರುವುದು. ಅಲ್ಲಿ ವ್ಯಾಕರಣವು ಪದದ ಆದಿಯಲ್ಲಿಯೂ ನೆಲಸಿದೆ. ನಮ್ಮಲ್ಲಿ ಅದು ಅಂತ್ಯವನ್ನೇ ಆಶ್ರಯಿಸಿದೆ: ಮರವನ್ನು, ಮರಕ್ಕೆ, ಬಂದನು, ಬಂದಳು, ಬಂದರು. ಉಸಿರು ಇಳಿಯುವ ಆ ಕೊನೆಯ ಅಕ್ಷರದ ಮೇಲೆಯೇ ಮುನ್ನಿನ ಅಕ್ಷರಗಳ ಅನುರಣನವು ಕವಿಯುವುದರಿಂದ, ಕೆಟ್ಟ ಭವನದಲ್ಲಿ ಕನ್ನಡವು ಮೊದಲು ಕಳೆದುಕೊಳ್ಳುವುದು ತನ್ನ ವಿಭಕ್ತಿಯನ್ನು, ಲಿಂಗವಚನಗಳನ್ನು.

ನಾಟಕಕ್ಕೆಂದೇ ಕಟ್ಟಿದ ಮಂದಿರಗಳು ನಮ್ಮ ಊರುಗಳಲ್ಲಿ ಇಲ್ಲವೆಂದಲ್ಲ. ಕರ್ನಾಟಕದ ಭಾಗವತಮೇಳದ ಆಟವನ್ನು ಮೆಚ್ಚಿದ ಸಾಂಗಲಿಯ ದೊರೆಯ ಪ್ರೇರಣೆಯಿಂದ 1843ರಲ್ಲಿ ‘ಸೀತಾ ಸ್ವಯಂವರ’ವನ್ನಾಡಿಸಿದ ವಿಷ್ಣುದಾಸ ಭಾವೆಯ ಹೆಸರಿನ ನಾಟ್ಯಗೃಹ ನಮ್ಮ ವಾಶಿಯಲ್ಲಿಯೇ ಇದೆ, ಡೊಂಬಿವಲಿಯಲ್ಲಿ ಸಾವಿತ್ರಿಬಾಯಿ ಫುಲೆ ಕಲಾಮಂದಿರ, ಕಲ್ಯಾಣದಲ್ಲಿ ಆಚಾರ್ಯ ಅತ್ರೆ ರಂಗಮಂದಿರ, ಠಾಣೆಯಲ್ಲಿ ಗಡಕರಿ ರಂಗಾಯತನ. ಆದರೆ ಇಂಥವುಗಳ ಬಾಡಿಗೆ ಸಣ್ಣ ಸಂಘಗಳಿಗೆ ಸುಲಭಸಾಧ್ಯವಲ್ಲದುದರಿಂದ, ತಗಡಿನ ಮಾಡು, ಬರಿಯ ಗೋಡೆ, ಹಾಸುಗಲ್ಲುಗಳ ಕೋಣೆಯೊಂದರಲ್ಲಿ ಯಕ್ಷಗಾನದ ಆಟವಾಗುವುದುಂಟು. ಬಯಲಿನ ರಾತ್ರಿಗೆಂದೇ ಹುಟ್ಟಿದ ಚೆಂಡೆಯು ಅಲ್ಲಿ ಗೋಡೆಗೆ ಬಡಿದು ಮರಳುತ್ತದೆ. ಅರ್ಥಧಾರಿಯ ಧ್ವನಿವರ್ಧಕವನ್ನು ಏರಿಸಿದಷ್ಟೂ ಮಾತು ಮಸಕಾಗುತ್ತದೆ. ಶಾಲೆಯಲ್ಲಿ ಮರಾಠಿಯನ್ನೋ ಇಂಗ್ಲಿಷನ್ನೋ ಓದುತ್ತ, ಉಚ್ಚಕನ್ನಡವನ್ನು ಇಂಥ ಸಂಜೆಗಳಲ್ಲಷ್ಟೇ ಕೇಳುವ ಮಕ್ಕಳು ನಿದ್ದೆಹೋದರೆ ಅವರನ್ನು ದೂಷಿಸುವುದು ನ್ಯಾಯವಲ್ಲ.

ಹಾರ, ಶಾಲುಗಳಿಗೆ ವೆಚ್ಚವಾಗುವ ಹಣದಲ್ಲಿ ಒಂದಂಶವನ್ನು ದಪ್ಪ ಪರದೆಗೂ ಜಮಖಾನೆಗೂ ಮೀಸಲಿಡಬೇಕೆಂದು ನಮ್ಮ ಸಂಘಗಳ ಕಾರ್ಯಕರ್ತರಲ್ಲಿ ಈ ಪತ್ರಿಕೆಯ ವಿಜ್ಞಾಪನೆ. ಆಟಕ್ಕೆ ಮುನ್ನ ಒಬ್ಬರು ಹಿಂದಿನ ಸಾಲಿನಲ್ಲಿ ಕುಳಿತು, ರಂಗದ ಮೇಲಿನವರಿಂದ ‘ಬಂದನು’, ‘ಬಂದಳು’ ಎಂದು ನುಡಿಸಿ, ಎರಡೂ ಬೇರೆಬೇರೆಯಾಗಿ ಕೇಳುವುವೇ ಎಂಬುದನ್ನು ಪರೀಕ್ಷಿಸಲಿ.