ಗುದ್ದಲಿ ಹಿಡಿದದ್ದು ಕಡಲಲ್ಲ

ನಾಲ್ಕೇ ನಾಲ್ಕು ಮೀಟರ್. ಒಂದು ಲಾರಿ ನುಗ್ಗುವಷ್ಟು ಅಗಲ. ಅಷ್ಟು ಅಗೆದು ಕಡಲನ್ನು ಮನೆಯೊಳಗೆ ಕರೆದರು.

2003ರ ಅಕ್ಟೋಬರ್. ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿ ಉಕ್ಕಿ ಸೇಂಟ್ ಲೂಯಿ ಪಟ್ಟಣದ ಕುತ್ತಿಗೆಗೆ ಬಂದಿತ್ತು. 1659ರಲ್ಲಿ ಫ್ರೆಂಚರು ಕಟ್ಟಿದ ಊರು. ನದಿಗೂ ಅಟ್ಲಾಂಟಿಕ್‌ಗೂ ನಡುವೆ ಇದ್ದದ್ದು ಒಂದು ಮರಳಿನ ನಾಲಿಗೆ ಮಾತ್ರ. ನೆರೆ ನೀರು ಕಡಲಿಗೆ ಹರಿಯಲೆಂದು ಸರ್ಕಾರದವರು ಅದನ್ನೇ ಕಡಿದರು. ರಾತ್ರೋರಾತ್ರಿ. ಪರಿಣಾಮದ ಅಧ್ಯಯನವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ.

ನೆರೆ ಇಳಿಯಿತು. ಶಹಬ್ಬಾಸ್! ಆಮೇಲೆ?

ನೀರು ಹೊರಗೆ ಹೋದ ದಾರಿಯಲ್ಲೇ ಅಲೆ ಒಳಗೆ ಬರುತ್ತದೆ ಎಂದು ಹೇಳಲು ಎಂಜಿನಿಯರೇ ಬೇಕಿತ್ತೆ? ದೋಣಿ ನಡೆಸುವ ಯಾವ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ. ಕೆಲವೇ ದಿನಗಳಲ್ಲಿ ಕಂಡಿ ನೂರಾರು ಮೀಟರ್ ಬಾಯ್ತೆರೆಯಿತು. ಮುಂದೆ ಕಿಲೋಮೀಟರ್‌ಗಟ್ಟಲೆ. ಎದುರಿಗಿದ್ದ ದೂನ್ ಬಾಬಾ ದಿಯೇ ಎಂಬ ಹಳ್ಳಿ ಈಗ ಇಲ್ಲ. ನೀರಿನಲ್ಲಿ ನಾಲ್ಕು ಮುರಿದ ಗೋಡೆ, ಅಷ್ಟೆ. ಗಾಂದಿಯೋಲ್ ಕಡೆ ಈರುಳ್ಳಿ ಬೆಳೆಯುತ್ತಿದ್ದ ಹೆಂಗಸರ ಬಾವಿಗಳು ಉಪ್ಪಾದವು. ಬಿಂದಿಗೆ ಇಳಿಸಿ ಎತ್ತಿದರೆ ಬರುವುದು ಕಡಲು. ಅದನ್ನು ಮಡಿಗೆ ಹಾಯಿಸುವುದೆ? ಮಕ್ಕಳಿಗೆ ಕುಡಿಸುವುದೆ?

ತಮಾಷೆ ನೋಡಿ. ನದಿಯ ಮೇಲುಭಾಗದಲ್ಲಿ ದಿಯಾಮಾ ಅಣೆಕಟ್ಟಿದೆ, 1986ರದು. ಯಾಕೆ ಕಟ್ಟಿದ್ದು? ಕಡಲಿನ ಉಪ್ಪು ಗದ್ದೆಗೆ ಏರದಿರಲಿ ಎಂದು! ಮೇಲಿನವರಿಗೆ ಉಪ್ಪು ತಡೆಯಲು ಕಾಂಕ್ರೀಟು. ಕೆಳಗಿನವರಿಗೆ ಉಪ್ಪಿಗೇ ಹೆಬ್ಬಾಗಿಲು. ಇದು ಯಾವ ಸೀಮೆಯ ನ್ಯಾಯ?

ಕೇಳಿದರೆ ಒಂದೇ ರಾಗ: ಹವಾಮಾನ ಬದಲಾಗಿದೆ, ಸಮುದ್ರ ಏರುತ್ತಿದೆ. ಏರುತ್ತಿದೆ, ನಿಜ. ಪಟ್ಟಣದ ಗೆಟ್ ಎನ್‌ದಾರ್ ಕೇರಿಯ ಮೀನುಗಾರರ ಮನೆಗಳನ್ನು ಅಲೆ ನುಂಗಿದ್ದೂ ನಿಜ. ಆದರೆ ಮರಳಿಗೆ ಗುದ್ದಲಿ ಹಾಕಿದ್ದು ಕಡಲಲ್ಲ. ಆದೇಶಕ್ಕೆ ಸಹಿ ಹಾಕಿದ್ದು ಗಾಳಿಯಲ್ಲ. ಕೊಲೆ ಮಾಡಿ ಮಳೆಯ ಮೇಲೆ ಹಾಕುವ ಚಾಳಿ ಇದು.

2018ರಲ್ಲಿ ಫ್ರಾನ್ಸಿನ ಅಧ್ಯಕ್ಷ ಮಾಕ್ರೋನ್ ಬಂದು ನೋಡಿ, ದುಡ್ಡು ಕೊಡುತ್ತೇವೆಂದರು. ತಡೆಗೋಡೆ ಎದ್ದಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು! ಹಳೇ ಪಟ್ಟಣವಿರುವ ದ್ವೀಪದ ಮೇಲಿನ ಮಹಡಿಮನೆಗಳಿಗೆ ವಿಶ್ವಪರಂಪರೆಯ ಪಟ್ಟ ಇದೆ, 2000ದಿಂದ. ಮೀನು ಒಣಗಿಸುವ ಮುದುಕಿಯ ಗುಡಿಸಲಿಗೆ ಯಾವ ಪಟ್ಟ?

ಮನೆ ಕಳೆದುಕೊಂಡವರನ್ನು ಜೂಗೋಪ್ ಶಿಬಿರಕ್ಕೆ ಸಾಗಿಸಿದರು. ಕಡಲಿನಿಂದ ಮೈಲಿಗಟ್ಟಲೆ ಒಳಗೆ. ದೋಣಿ ಅಲ್ಲಿ, ಚಾಪೆ ಇಲ್ಲಿ. ಮೀನು ಹಿಡಿಯಲು ಹೋಗುವವನು ಮೊದಲು ಬಸ್‌ಚಾರ್ಜು ಹೊಂದಿಸಬೇಕು. ಆ ಚಾರ್ಜನ್ನು ಕಂಡಿ ಕಡಿದವರ ಸಂಬಳದಲ್ಲಿ ಹಿಡಿಯಲಿ, ನೋಡೋಣ.