ತುಂಟತನವೆಂಬ ತೀರ್ಪು

“ಹುಡುಗನಿಗೆ ಬುದ್ಧಿಯೇನೋ ಇದೆ, ಆದರೆ ಮೈಗಳ್ಳ. ನಾಲ್ಕು ಬಿಗಿದರೆ ತಾನಾಗಿ ದಾರಿಗೆ ಬರುವನು.” ಈ ತೀರ್ಪನ್ನು ತಮ್ಮ ಮನೆಯ ಜಗಲಿಯಲ್ಲಿ ಕೇಳದ ವಾಚಕಮಹಾಶಯರು ವಿರಳ. ಉಪಾಧ್ಯಾಯವೃತ್ತಿಯಲ್ಲಿದ್ದಷ್ಟು ಕಾಲ ನಾನೂ ಇದನ್ನು ನಂಬಿದವನೇ. ನಂಬಿದ್ದು ಮಾತ್ರವಲ್ಲ, ಅದರಂತೆ ಬೆತ್ತವನ್ನು ಬೀಸಿದವನು. ಆದುದರಿಂದ ಈ ಲೇಖನದ ಮೊದಲ ಏಟು ನನಗೇ ಬೀಳತಕ್ಕುದು.

ಅವಧಾನದ ಕೊರತೆ, ಅತಿಚಾಂಚಲ್ಯಗಳ ಈ ಅವಸ್ಥೆಯನ್ನು ವೈದ್ಯರು ಎ.ಡಿ.ಎಚ್.ಡಿ. ಎಂದು ಕರೆಯುವರು. ಇದು ಪಾಶ್ಚಾತ್ಯರ ಹೊಸ ಕಲ್ಪನೆ, ಮೊಬೈಲಿನ ಫಲ, ಔಷಧ ಮಾರುವವರ ಹೂಟ ಎಂಬ ಆಕ್ಷೇಪಣೆ ನಮ್ಮಲ್ಲಿ ಬಹಳ ಪ್ರಚಾರದಲ್ಲಿದೆ. ಹೊಸದೆಂಬುದು ಸುಳ್ಳು. 1798ರಲ್ಲಿಯೇ ಸ್ಕಾಟ್ಲೆಂಡಿನ ವೈದ್ಯ ಅಲೆಗ್ಸಾಂಡರ್ ಕ್ರೈಟನ್ನನು ಅವಧಾನವು ನೆಲೆಗೊಳ್ಳದ ಸ್ಥಿತಿಯನ್ನು ವರ್ಣಿಸಿದನು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ಲನು, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆಹಿಡಿಯಲಾರದ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನಿತ್ತನು. ಆಗ ಮೊಬೈಲೆಲ್ಲಿತ್ತು? ಔಷಧ ಮಾರುವವನು ಲಾಭವನ್ನು ನೋಡುವನೆಂಬುದನ್ನು ನಾನು ಅಲ್ಲಗಳೆಯೆನು. ಕನ್ನಡಕ ಮಾರುವವನೂ ಲಾಭವನ್ನೇ ನೋಡುವನು. ಅಷ್ಟರಿಂದ ದೃಷ್ಟಿಮಾಂದ್ಯವು ಸುಳ್ಳಾಯಿತೆ?

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ಈ ಅವಸ್ಥೆಯು ಒಂಟಿಯಾಗಿ ಬರುವುದು ಅಪರೂಪ. ಅಮೆರಿಕದಲ್ಲಿ 579 ಮಕ್ಕಳ ಮೇಲೆ ನಡೆದು 1999ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಮತ್ತೊಂದು ತೊಂದರೆಯೂ ಇದ್ದಿತು: ಕೆಲವರಿಗೆ ಹಠ, ಕೆಲವರಿಗೆ ಅಕಾರಣ ಭೀತಿ. ವಯಸ್ಸು ಏರಿದಂತೆ ವಿಷಣ್ಣತೆ, ದುಶ್ಚಟ, ತನ್ನನ್ನೇ ನೋಯಿಸಿಕೊಳ್ಳುವ ಬುದ್ಧಿ ಇವುಗಳ ಅಪಾಯವೂ ಏರುವುದು. ಇದರಲ್ಲಿ ಸ್ವಲ್ಪ ಹುಟ್ಟಿನಿಂದ ಬಂದದ್ದು. ಸ್ವಲ್ಪ ನಾವು ದಿನವೂ ಬೈದು ಕೂಡಿಸಿದ್ದು.

ಸುಮಾರು 30 ವರ್ಷಗಳ ಹಿಂದೆ ನನ್ನ ತರಗತಿಯಲ್ಲೊಬ್ಬ ಹುಡುಗನಿದ್ದನು. ಬಾಯಿಲೆಕ್ಕಕ್ಕೆ ಪ್ರಶ್ನೆ ಮುಗಿಯುವ ಮುನ್ನವೇ ಉತ್ತರವನ್ನು ಕೂಗುವನು. ಬರೆವಣಿಗೆಯ ಪುಸ್ತಕ ಮಾತ್ರ ಖಾಲಿ. ವಾರಕ್ಕೊಂದು ಲೇಖನಿಯನ್ನು ಕಳೆಯುವನು. ಕೂರೆಂದಲ್ಲಿ ಕೂರನು. ಎಂಟನೆಯ ತರಗತಿಯಲ್ಲಿ ನನ್ನಿಂದ ತಿಂದ ಪೆಟ್ಟುಗಳಿಗೆ ಲೆಕ್ಕವಿಲ್ಲ. ಒಂಬತ್ತನೆಯದರಲ್ಲಿ ಆತನು ಮೌನಿಯಾದನು. ಉತ್ತರ ಹೇಳುವುದನ್ನು ಬಿಟ್ಟನು, ನಗುವುದನ್ನು ಬಿಟ್ಟನು, ಬುತ್ತಿಯನ್ನು ಬಿಚ್ಚದೆ ಹಿಂದಕ್ಕೆ ಒಯ್ಯತೊಡಗಿದನು. “ಅಂತೂ ದಾರಿಗೆ ಬಂದ,” ಎಂದು ಉಪಾಧ್ಯಾಯರ ಕೊಠಡಿಯಲ್ಲಿ ನಾವು ಕಾಫಿ ಕುಡಿಯುತ್ತ ಸಂತೋಷಪಟ್ಟೆವು. ಹತ್ತನೆಯ ತರಗತಿಗೆ ಆತನು ಬರಲೇ ಇಲ್ಲ. ನಾವು ಶಿಸ್ತೆಂದು ತಿಳಿದದ್ದು ವಿಷಣ್ಣತೆಯಾಗಿತ್ತೆಂಬುದು ನನಗೆ ಹೊಳೆದುದು ನಿವೃತ್ತನಾದಮೇಲೆ.

ಹೆಣ್ಣುಮಕ್ಕಳ ಪಾಡು ಇನ್ನೂ ಮರೆಯಾದದ್ದು. ಅವರಲ್ಲಿ ಅನೇಕರು ಓಡಾಡಿ ಗದ್ದಲ ಮಾಡರು. ಕಿಟಕಿಯ ಪಕ್ಕದಲ್ಲಿ ಸುಮ್ಮನೆ ಕುಳಿತು ಎಲ್ಲಿಯೋ ಹೋಗಿಬಿಡುವರು. ಗದ್ದಲವಿಲ್ಲದ ಮಗುವನ್ನು ಯಾರು ವಿಚಾರಿಸುವರು? ಹದಿನಾರರಲ್ಲಿ ಅಳುವೂ ಭೀತಿಯೂ ಹೆಚ್ಚಿದಾಗ ವೈದ್ಯರಲ್ಲಿಗೆ ಹೋದರೆ, ಭೀತಿಗೆ ಮಾತ್ರ ಚಿಕಿತ್ಸೆಯಾಗಿ ಬೇರು ಹಾಗೆಯೇ ಉಳಿಯುವುದುಂಟು.

ಇದರ ವಿಪರೀತವೂ ಉಂಟು. ನಿದ್ರೆಗೆಟ್ಟ ಮಗು, ಹೆದರಿದ ಮಗು, ತಾಯಿಯನ್ನು ಕಳೆದುಕೊಂಡ ಮಗು, ಇವಾವುದಕ್ಕೂ ಪಾಠದಲ್ಲಿ ಮನಸ್ಸು ನಿಲ್ಲದು, ಅದು ಎ.ಡಿ.ಎಚ್.ಡಿ. ಅಲ್ಲ. 2013ರ ಅಮೆರಿಕದ ವೈದ್ಯಸೂಚಿಯಂತೆ ಲಕ್ಷಣಗಳು 12 ವರ್ಷಕ್ಕೆ ಮೊದಲೇ ತೋರಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ ಶಾಲೆಗಳಂಥ ಎರಡು ಕಡೆಗಳಲ್ಲಾದರೂ ಕಾಣಬೇಕು. ಇದನ್ನೆಲ್ಲ ವಿಚಾರಿಸದೆ ಹತ್ತು ನಿಮಿಷದಲ್ಲಿ ಚೀಟಿ ಬರೆಯುವ ವೈದ್ಯನೂ ನನ್ನ ಬೆತ್ತಕ್ಕೆ ಸರಿಜೋಡಿಯೇ.

ಕಾಯಿದೆಗಳ ಮಾತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಪೀಡಿಸುವುದನ್ನೂ ನಿಷೇಧಿಸಿದೆ. ಸಂತೋಷ. 2016ರ ವಿಕಲಾಂಗರ ಹಕ್ಕುಗಳ ಕಾಯಿದೆಯು 21 ವೈಕಲ್ಯಗಳನ್ನು ಹೆಸರಿಸಿದೆ. ಕಲಿಕೆಯ ವೈಕಲ್ಯವೂ ಆಟಿಸಮ್ಮೂ ಅದರಲ್ಲಿವೆ, ಎ.ಡಿ.ಎಚ್.ಡಿ. ಇಲ್ಲ. ಈ ಲೋಪವನ್ನು ತಿದ್ದಲೇಬೇಕು.

ದಿಲ್ಲಿಯು ತಿದ್ದುವವರೆಗೆ ನಾವು ಕಾಯಬೇಕಾಗಿಲ್ಲ. ಶಾಲೆಗಳ ಆಡಳಿತಮಂಡಲಿಗಳಲ್ಲಿ ಕುಳಿತಿರುವ ಮಹನೀಯರು ನಮ್ಮ ಸಂಘದಲ್ಲಿಯೇ ಹಲವರಿದ್ದಾರೆ. ವಾರ್ಷಿಕೋತ್ಸವದ ಪೆಂಡಾಲಿಗೆ ದೊರೆಯುವ ಹಣವು ಒಬ್ಬ ಆಪ್ತಸಲಹೆಗಾರನ ಸಂಬಳಕ್ಕೆ ಏಕೆ ದೊರೆಯದೆಂದು ಮುಂದಿನ ಸಭೆಯಲ್ಲಿ ಅವರನ್ನು ಕೇಳುವವನಿದ್ದೇನೆ. ಉತ್ತರವನ್ನು ಸಿದ್ಧಪಡಿಸಿಕೊಂಡು ದಯಮಾಡಿಸಬೇಕಾಗಿ ಪ್ರಾರ್ಥನೆ.