ಪಥ್ಯದ ಸಾರು: ಕಾಯಿಸುವವರು ಯಾರು?

ರೋಗವು ದೇಹವನ್ನು ಬಿಟ್ಟುಹೋಗುವುದು ಒಂದು ಘಟ್ಟ. ದೇಹವು ತನ್ನ ಮೊದಲಿನ ಶಕ್ತಿಯನ್ನು ಮರಳಿ ಗಳಿಸುವುದು ಮತ್ತೊಂದು ಘಟ್ಟ. ಮೊದಲನೆಯದರ ಹೊಣೆಯನ್ನು ವೈದ್ಯರು ಹೊರುತ್ತಾರೆ. ಎರಡನೆಯದರ ಹೊಣೆ ಅಡುಗೆಮನೆಯದು. ಆಸ್ಪತ್ರೆಯ ಬಿಲ್ಲನ್ನು ಪಾವತಿಮಾಡಿ ಮನೆಗೆ ಮರಳಿದೊಡನೆ ಲೆಕ್ಕ ಚುಕ್ತಾ ಆಯಿತೆಂದು ಭಾವಿಸುವವರೇ ಹೆಚ್ಚು. ಆದರೆ ದೇಹದ ಖಾತೆಯಲ್ಲಿ ಆಗ ಉಳಿದಿರುವುದು ಜಮೆಯಲ್ಲ, ಸಾಲದ ಬಾಕಿ. ಆ ಬಾಕಿಯನ್ನು ಸಣ್ಣ ಸಣ್ಣ ಕಂತುಗಳಲ್ಲಿ ತೀರಿಸುವ ಮೊದಲ ಸಾಧನವೇ ಪಥ್ಯದ ತರಕಾರಿ ಸಾರು.

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ಮಳೆಗಾಲದ ಜ್ವರಗಳ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅವರು ಸೊಳ್ಳೆಯ ಜಠರದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡದ್ದು ಸಿಕಂದರಾಬಾದಿನಲ್ಲಿಯೇ. ನಲ್ಲಕುಂಟದ ಜ್ವರದ ಆಸ್ಪತ್ರೆಯು ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಈಗ ಡೆಂಗೆ, ವಿಷಮಶೀತ ಜ್ವರ, ವೈರಾಣು ಜ್ವರಗಳು ಮನೆಮನೆಯ ಮಾತಾಗಿವೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಡೆಂಗೆಯಲ್ಲಿ ಜ್ವರವು ಇಳಿಯುವ ದಿನಗಳೇ ಅಪಾಯದ ದಿನಗಳು. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ರಕ್ತಸ್ರಾವ, ಅತಿಯಾದ ಮಂಪರು ಕಂಡುಬಂದರೆ ಸಾರಿನ ಪಾತ್ರೆಯನ್ನು ಇಳಿಸಿ ಆಸ್ಪತ್ರೆಗೆ ಧಾವಿಸಬೇಕು. ಸಾರು ಔಷಧವಲ್ಲ, ಔಷಧವು ತನ್ನ ಕೆಲಸವನ್ನು ಮುಗಿಸಿದ ಮೇಲೆ ಬರುವ ಆಹಾರ.

ನಮ್ಮ ಹಿರಿಯರಿಗೆ ಈ ಕ್ರಮವು ತಿಳಿದಿತ್ತು. ಶೋಧನ ಚಿಕಿತ್ಸೆಯ ತರುವಾಯ ರೋಗಿಗೆ ಮೊದಲು ಪೇಯ, ಅನಂತರ ವಿಲೇಪಿ, ಆಮೇಲೆ ಯೂಷ, ಹೀಗೆ ತೆಳುವಿನಿಂದ ಗಟ್ಟಿಗೆ ಮೆಟ್ಟಿಲೇರಿಸಬೇಕೆಂದು ಆಯುರ್ವೇದವು ವಿಧಿಸಿದೆ. ಮನೆಯ ಮಾತಿನಲ್ಲಿ ಇವೇ ಗಂಜಿತಿಳಿ, ಗಟ್ಟಿಗಂಜಿ, ಬೇಳೆಯ ಕಟ್ಟು. ಆದರೆ ಪಥ್ಯದ ಹೆಸರಿನಲ್ಲಿ ವಾರಗಟ್ಟಲೆ ಬರಿಯ ತಿಳಿನೀರಿನ ಮೇಲೆ ರೋಗಿಯನ್ನಿಡುವ ರೂಢಿಯೂ ಅನೇಕ ಮನೆಗಳಲ್ಲಿತ್ತು. ಹಿರಿಯರಿಂದ ಮೆಟ್ಟಿಲುಗಳನ್ನು ಕಲಿಯಬೇಕೇ ಹೊರತು, ಮೊದಲ ಮೆಟ್ಟಿಲಿನಲ್ಲಿಯೇ ನಿಂತುಬಿಡುವುದನ್ನಲ್ಲ.

ಇದನ್ನು ಅಂಕಿಗಳಿಂದ ತೂಗಿ ನೋಡಲು ಹೈದರಾಬಾದಿನವರು ದೂರ ಹೋಗಬೇಕಾಗಿಲ್ಲ. 1918ರಲ್ಲಿ ಕೂನೂರಿನ ಒಂದು ಕೊಠಡಿಯಲ್ಲಿ, ಮೆಕ್‌ಕ್ಯಾರಿಸನ್ ಅವರ ನೇತೃತ್ವದಲ್ಲಿ ಬೆರಿಬೆರಿ ರೋಗದ ಸಂಶೋಧನೆಗಾಗಿ ಹುಟ್ಟಿದ ಸಂಸ್ಥೆಯು 1958ರಲ್ಲಿ ಈ ನಗರಕ್ಕೆ ಬಂದು, 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ತಾರ್ನಾಕದ ಈ ಸಂಸ್ಥೆಯು 2017ರಲ್ಲಿ 528 ಭಾರತೀಯ ಆಹಾರ ಪದಾರ್ಥಗಳ ಪೋಷಕಾಂಶಗಳ ಪಟ್ಟಿಯನ್ನು ಪ್ರಕಟಿಸಿತು. 2020ರ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 0.83 ಗ್ರಾಂ ಪ್ರೋಟೀನು ಬೇಕು. ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ಬರಿಯ ತರಕಾರಿಯ ತಿಳಿಯಲ್ಲಿ ಇದರ ಅಲ್ಪಾಂಶವೂ ದೊರೆಯದು. ಹಿಡಿಯಷ್ಟು, ಅಂದರೆ 30 ಗ್ರಾಂ ಹೆಸರುಬೇಳೆ ಬಿದ್ದರೆ ಸುಮಾರು 7 ಗ್ರಾಂ ಸೇರುತ್ತದೆ. ಬೇಳೆಯಿಲ್ಲದ ಸಾರು ಬಾಯಾರಿಕೆಯನ್ನು ನೀಗಬಹುದು, ಬಾಕಿಯನ್ನು ತೀರಿಸದು.

ಮಾಡುವ ವಿಧಾನವು ಸುಲಭ. ಇಬ್ಬರಿಗೆ ಒಂದು ಲೀಟರು ನೀರು, 30 ಗ್ರಾಂ ಹೆಸರುಬೇಳೆ, ಎಲ್ಲ ಸೇರಿ 300 ಗ್ರಾಂ ತರಕಾರಿ ಸಾಕು. ಸೋರೆಕಾಯಿ, ಹೀರೇಕಾಯಿ, ಗಜ್ಜರಿ, ಒಂದು ಟೊಮೆಟೊ, ಹಿಡಿಯಷ್ಟು ಬಸಳೆ. ಇವೇ ಮೊಂಡಾ ಮಾರುಕಟ್ಟೆಯಲ್ಲಾಗಲಿ ರೈತು ಬಜಾರಿನಲ್ಲಾಗಲಿ ಸೊರಕಾಯ, ಬೀರಕಾಯ, ಬಚ್ಚಲಿಕೂರ ಎಂಬ ಹೆಸರುಗಳಿಂದ ದೊರೆಯುತ್ತವೆ. ಸೋರೆಕಾಯಿಯ ಒಂದು ಚೂರನ್ನು ಮೊದಲು ನಾಲಿಗೆಯ ಮೇಲಿಟ್ಟು ನೋಡಬೇಕು. ಕಹಿಯಾಗಿದ್ದರೆ ಅದು ವಿಷಕಾರಿ, ಇಡಿಯಾಗಿ ಎಸೆದುಬಿಡಬೇಕು. ತರಕಾರಿಯನ್ನು ತೊಳೆದ ಮೇಲೆ ಹೆಚ್ಚಬೇಕು. ಬೇಯಿಸಿದ ನೀರನ್ನು ಚೆಲ್ಲಬಾರದು, ಏಕೆಂದರೆ ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳೂ ಲವಣಗಳೂ ಅದರಲ್ಲಿಯೇ ಇರುತ್ತವೆ. ಬೇಳೆ ಮೆತ್ತಗಾದ ಮೇಲೆ ಎಲ್ಲವನ್ನೂ ಮಸೆದು, ಜೀರಿಗೆ, ಶುಂಠಿ, ಚಿಟಿಕೆ ಮೆಣಸಿನಪುಡಿಯೊಡನೆ ಒಂದು ಕುದಿ ಬರಿಸಬೇಕು. ಅರ್ಧ ಚಮಚ ತುಪ್ಪವು ಆಡಂಬರವಲ್ಲ. ಗಜ್ಜರಿಯ ಕ್ಯಾರೊಟೀನು ಮೈಗೆ ಹತ್ತಲು ಕೊಬ್ಬು ಬೇಕು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಬೇಕು. ಸಿ ಜೀವಸತ್ವವು ಕಾವನ್ನು ಸಹಿಸದು. ಮೊದಲೆರಡು ದಿನ ಇದನ್ನು ತೆಳ್ಳಗೆ ಕೊಟ್ಟು, ಮೂರನೆಯ ದಿನದಿಂದ ಮೆತ್ತನೆಯ ಅನ್ನವನ್ನೂ ಮೊಸರನ್ನೂ, ತಿನ್ನುವವರಿಗೆ ಬೆಂದ ಮೊಟ್ಟೆಯನ್ನೂ ಕೂಡಿಸುತ್ತ ಹೋಗಬಹುದು. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ಕುಡಿಯಬಾರದು. ತರಕಾರಿಯ ಪೊಟ್ಯಾಸಿಯಂ ನೀರಿಗೆ ಇಳಿದಿರುತ್ತದೆ.

ಪೊಟ್ಟಣದ ಸೂಪು ಐದು ನಿಮಿಷದಲ್ಲಿ ಸಿದ್ಧವಾಗುತ್ತದೆಯಲ್ಲ ಎಂದು ಕೇಳುವವರಿದ್ದಾರೆ. ಪೊಟ್ಟಣದ ಹಿಂಬದಿಯನ್ನು ಓದಿದರೆ ಉತ್ತರವು ಅಲ್ಲಿಯೇ ಇದೆ: ಗಂಜಿಹಿಟ್ಟು, ಸಕ್ಕರೆ, ಧಾರಾಳವಾದ ಉಪ್ಪು, ಒಣಗಿದ ತರಕಾರಿಯ ಕೆಲವು ಚೂರುಗಳು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವಾಗ, ರಕ್ತದೊತ್ತಡದ ಹಿರಿಯರಿಗೆ ಇದನ್ನು ಪಥ್ಯವೆಂದು ಕೊಡುವುದು ವಿವೇಕವಲ್ಲ.

ಇಷ್ಟಾದರೂ ಮುಖ್ಯ ಪ್ರಶ್ನೆ ಉಳಿದೇ ಇದೆ. ಈ ಸಾರನ್ನು ಕಾಯಿಸುವವರು ಯಾರು? ಗಂಡನಿಗೆ ಜ್ವರ ಬಂದರೆ ಹೆಂಡತಿ ಕಾಯಿಸುತ್ತಾಳೆ. ಮಗುವಿಗೆ ಬಂದರೆ ತಾಯಿ. ಅತ್ತೆಗೆ ಬಂದರೆ ಸೊಸೆ. ಗೃಹಿಣಿಗೇ ಜ್ವರ ಬಂದರೆ? ಕಲಬುರ್ಗಿಯಲ್ಲೋ ಧಾರವಾಡದಲ್ಲೋ ಶಿವಮೊಗ್ಗೆಯಲ್ಲೋ ಇದ್ದಿದ್ದರೆ ಓರಗಿತ್ತಿಯಿಂದ, ನೆರೆಮನೆಯಿಂದ ತಟ್ಟೆ ಮುಚ್ಚಿದ ಪಾತ್ರೆಯೊಂದು ಬರುತ್ತಿತ್ತು. ಪರಸ್ಥಳದ ಬಹುಮಹಡಿ ಕಟ್ಟಡದಲ್ಲಿ ಆ ಬಾಗಿಲು ತೆರೆಯುವುದಿಲ್ಲ. ಕಚೇರಿಯ ನೌಕರನಿಗೆ ವೈದ್ಯಕೀಯ ರಜೆಯ ನಿಯಮವಿದೆ. ಗೃಹಿಣಿಯ ರಜೆಗೆ ಯಾವ ನಿಯಮಾವಳಿಯೂ ಇಲ್ಲ. ಗಂಡನು ಹೋಟೆಲಿನ ಇಡ್ಲಿಯನ್ನು ತಂದು ಮುಂದಿಟ್ಟು ತನ್ನ ಕರ್ತವ್ಯ ಮುಗಿಯಿತೆನ್ನುತ್ತಾನೆ. ಮೂರನೆಯ ದಿನ ಆಕೆಯೇ ಗೋಡೆ ಹಿಡಿದು ಎದ್ದು ಒಲೆಯ ಮುಂದೆ ನಿಲ್ಲುತ್ತಾಳೆ. ಎಲ್ಲರಿಗೂ ಬಡಿಸಿ ಉಳಿದುದನ್ನು ತಾನು ಉಣ್ಣುತ್ತಾಳೆ. ಆಕೆಯ ನಿಶ್ಶಕ್ತಿಯು ತಿಂಗಳುಗಟ್ಟಲೆ ಉಳಿದರೆ ಅದಕ್ಕೆ ಜ್ವರವೊಂದೇ ಕಾರಣವಲ್ಲ.

ಸಾವಿರಾರು ರೂಪಾಯಿಗಳ ಲೆಕ್ಕವನ್ನು ಪೈಸೆ ತಪ್ಪದಂತೆ ಹೊಂದಿಸಬಲ್ಲ ಗಂಡಸರಿಗೆ ಹಿಡಿ ಬೇಳೆ, ಲೀಟರು ನೀರುಗಳ ಲೆಕ್ಕವು ಕಠಿಣವಾಗಲಾರದು. ಗಂಡುಮಕ್ಕಳು ಕಾಲೇಜಿಗೆ ಹೋಗುವ ಮೊದಲೇ ಇದನ್ನು ಕಲಿಯಬೇಕು. ಮಾಧಾಪುರ, ಗಚ್ಚಿಬೌಲಿಗಳ ವಸತಿಗೃಹಗಳಲ್ಲಿ ಒಂಟಿಯಾಗಿರುವ ತರುಣರಿಗೂ, ಮಕ್ಕಳನ್ನು ವಿದೇಶಕ್ಕೆ ಕಳುಹಿಸಿ ಇಬ್ಬರೇ ಉಳಿದಿರುವ ವೃದ್ಧ ದಂಪತಿಗಳಿಗೂ ಇದು ಅಷ್ಟೇ ಅಗತ್ಯ. ಕನ್ನಡ ಸಂಘಗಳು ರಾಜ್ಯೋತ್ಸವದಲ್ಲಿ ಅಡುಗೆಯ ಸ್ಪರ್ಧೆಯನ್ನು ಏರ್ಪಡಿಸುತ್ತವೆ. ಅದರ ಜೊತೆಗೆ ಗಂಡಸರಿಗೆಂದೇ ಒಂದು ಪಥ್ಯದ ಅಡುಗೆಯ ತರಗತಿಯನ್ನು ನಡೆಸಬಾರದೇಕೆ? ಬಡಾವಣೆಗೆ ಇಬ್ಬರಂತೆ, ಕಾಯಿಲೆಯವರ ಮನೆಗೆ ನಾಲ್ಕು ದಿನ ಸಾರಿನ ಡಬ್ಬಿಯನ್ನು ಮುಟ್ಟಿಸಬಲ್ಲ ಸದಸ್ಯರ ಪಟ್ಟಿಯನ್ನು ಸಿದ್ಧಪಡಿಸಬಾರದೇಕೆ? ಇದಕ್ಕೆ ಸಭಾಂಗಣ ಬೇಡ, ದೇಣಿಗೆ ಬೇಡ. ದೂರವಾಣಿ ಸಂಖ್ಯೆಗಳ ಒಂದು ಹಾಳೆ ಸಾಕು.

ಪರಸ್ಥಳದಲ್ಲಿ ಭಾಷೆಯನ್ನು ಉಳಿಸುವುದಕ್ಕಾಗಿ ಸಂಘಗಳು ಹುಟ್ಟಿದವು. ಆ ಭಾಷೆಯನ್ನಾಡುವ ಜನರು ಕಾಯಿಲೆಯ ಹಾಸಿಗೆಯಲ್ಲಿ ಒಂಟಿಯಾಗದಂತೆ ನೋಡಿಕೊಳ್ಳುವುದೂ ಅದೇ ಕಾರ್ಯದ ಭಾಗ. ಈ ಮಳೆಗಾಲದ ಮೊದಲ ಜ್ವರವು ಬರುವುದಕ್ಕೆ ಮುಂಚೆಯೇ ಪ್ರತಿ ಮನೆಯ ಯಜಮಾನನು ಒಮ್ಮೆ ಈ ಸಾರನ್ನು ತಾನೇ ಕಾಯಿಸಿ, ಮನೆಯವರಿಗೆ ಬಡಿಸಿ ನೋಡಲಿ.